ಮಹಡಿ ರೂಮಿನಲ್ಲಿ ನಕ್ಕ ನಗು

ದೊಡ್ಡಪ್ಪ ನಗುವುದನ್ನು ಇನ್ನೊಂದು ಸಲ ನೋಡಬೇಕು ಅಂತ ದೊಡ್ಡಮ್ಮ ಕೇಳಿದಾಗ ತೋರಿಸಲು ನನ್ನ ಬಳಿ ಏನೂ ಉಳಿದಿರಲಿಲ್ಲ. ಜನರ ಮುಖಗಳನ್ನು ನಂಬಿಕೊಂಡೇ ಕಂಪನಿ ಕಟ್ಟಿದವಳು ನಾನು. ಯಾರು ಯಾರೋ ನಕ್ಕಿದ್ದು, ಕಣ್ಣು ಮಿಟುಕಿಸಿದ್ದು, ಕತ್ತು ತಿರುಗಿಸಿದ್ದು ಎಲ್ಲವನ್ನೂ ಒಂದು ಕಾಲಕ್ಕೆ ಕೂಡಿಟ್ಟುಕೊಂಡಿದ್ದವಳು. ಅಂಥವಳ ಕೈ ಅವತ್ತು ಖಾಲಿಯಾಗಿದ್ದುದು ಹೇಗೆ ಅನ್ನುವುದನ್ನು ಮೊದಲಿನಿಂದ ಹೇಳಿದರೇ ಸರಿ.

ಅಪ್ಪನಿಗೆ ಊರೂರು ವರ್ಗವಾಗುವ ಕೆಲಸ. ಹುಡುಗಿಯ ಓದು ಕೆಡಬಾರದು ಅಂತ ನನ್ನನ್ನು ಬೆಂಗಳೂರಿನ ಯಡಿಯೂರಿನಲ್ಲಿ ದೊಡ್ಡಪ್ಪನ ಮನೆಯಲ್ಲಿ ಬಿಟ್ಟರು. ಬಿಟ್ಟವರು ಬಿಟ್ಟರು, ನಾನು ಅಲ್ಲಿಯವಳೇ ಆಗಿಹೋದೆ. ಅವರಿಬ್ಬರಿಗೆ ಮಕ್ಕಳಿರಲಿಲ್ಲ. ದೊಡ್ಡಪ್ಪ ಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟರು. ಲೆಕ್ಕ ತಪ್ಪಾದರೆ ಬೈದವರಲ್ಲ, ಹೊಡೆದವರಲ್ಲ, ಒಂದು ಮುಖ ಮಾಡುತ್ತಿದ್ದರು. ಒಂದು ಹುಬ್ಬು ಮೇಲೆ ಹೋಗುತ್ತಿತ್ತು, ಕೆಳತುಟಿ ಮುಂದೆ ಬರುತ್ತಿತ್ತು, ಕೆನ್ನೆ ಒಳಗೆ ಸೇರುತ್ತಿತ್ತು. ಬಡಪಾಯಿ ಲೆಕ್ಕಕ್ಕೆ ನಿನ್ನ ಕೈಲಿ ಎಂಥ ಗತಿ ಬಂತಲ್ಲಮ್ಮ ಅಂತ ಆ ಮುಖವೇ ಹೇಳುತ್ತಿತ್ತು. ಹುಳಿಗೆ ಉಪ್ಪು ಕಡಿಮೆಯಾಗಿದ್ದರೆ ಅದಕ್ಕೊಂದು ಮುಖ. ಬೇಡದ ನೆಂಟರು ಗೇಟು ತೆಗೆದರೆ ಅದಕ್ಕೊಂದು. ಮಾತು ನಾನು ಕಲಿತದ್ದು ದೊಡ್ಡಮ್ಮನ ಅಡುಗೆಮನೆಯಲ್ಲಿ. ಮಾತಾಡದೆ ಇದ್ದಾಗ ಮನುಷ್ಯರು ಏನು ಹೇಳುತ್ತಾರೆ ಅನ್ನುವುದನ್ನು ಕಲಿತದ್ದು ದೊಡ್ಡಪ್ಪನಿಂದ.

ವಿಚಿತ್ರ ನೋಡಿ, ಕ್ಯಾಮೆರಾ ಕಂಡರೆ ಅದೇ ಮುಖ ಗೋಡೆಯಾಗುತ್ತಿತ್ತು. ಫೋಟೋ ಅಂದರೆ ಉಸಿರು ಬಿಗಿಹಿಡಿದು ನಿಲ್ಲುವುದು ಅನ್ನುವ ಕಾಲದವರು. ನೆಂಟರ ಮದುವೆಯ ವಿಡಿಯೋಗಳಲ್ಲೂ ಲೈಟು ತಮ್ಮ ಕಡೆ ತಿರುಗಿದ ಕೂಡಲೇ ನೆಟ್ಟಗೆ ಕೂತು ಎದುರು ಗೋಡೆ ನೋಡುತ್ತಿದ್ದರು. "ಇವ್ರ ಓಟರ್ ಐಡಿ ನೋಡು, ನಮ್ಮ ಮದುವೆ ಆಲ್ಬಮ್ ನೋಡು, ಒಂದೇ ಮುಖ. ನನ್ನನ್ನ ಕಟ್ಕೊಂಡಿದ್ದಕ್ಕೆ ಅಷ್ಟು ದುಃಖ" ಅಂತ ದೊಡ್ಡಮ್ಮ ಆಡಿಕೊಳ್ಳುತ್ತಿದ್ದಳು.

ಇಂಜಿನಿಯರಿಂಗ್ ಮುಗಿಸಿ, ಕೆಲವು ವರ್ಷ ಯಾರದೋ ಕೈಕೆಳಗೆ ದುಡಿದು, ಕೆಲಸ ಬಿಟ್ಟು ನಾನೇ ಕಂಪನಿ ಮಾಡುತ್ತೇನೆ ಅಂತ ಹೊರಟೆ. ಅದರ ಮೂಲವೂ ದೊಡ್ಡಮ್ಮನೇ. ಒಂದು ಸಂಜೆ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಬದನೆಕಾಯಿ ಕೊಂಡು, ಫೋನನ್ನು ತರಕಾರಿಯವನ ಕೈಗೇ ಕೊಟ್ಟು, ಪಿನ್ ನಂಬರನ್ನು ಬೀದಿಗೆಲ್ಲ ಕೇಳುವ ಹಾಗೆ ಹೇಳಿ, "ನೀನೇ ಒತ್ಕೊಳಪ್ಪ, ನಂಗೆ ಕಣ್ಣು ಕಾಣ್ಸಲ್ಲ" ಅಂದಳು. ಅವನೂ ದೇವರಂಥವನು, ಒತ್ತಿಕೊಂಡು ಎರಡು ನಿಂಬೆಹಣ್ಣು ಕೊಸರು ಹಾಕಿ ಕಳಿಸಿದ. ಇಂಥವರಿಗೆ ನಂಬರು ನೆನಪಿಡುವ ಕಷ್ಟವೇ ಬೇಡ, ಮುಖ ತೋರಿಸಿದರೆ ಹಣ ಹೋಗುವ ಹಾಗಾಗಲಿ ಅಂತ ಯೋಚನೆ ಬಂತು.

ಮುಖ ಗುರುತು ಹಿಡಿಯುವುದನ್ನು ಯಂತ್ರಕ್ಕೆ ಕಲಿಸುವುದು ಅಷ್ಟು ಕಷ್ಟವಲ್ಲ. ಕಷ್ಟವಿರುವುದು ಬೇರೆ ಕಡೆ. ಫೋನಿನ ಎದುರಿಗಿರುವುದು ಜೀವವಿರುವ ಮನುಷ್ಯನೋ, ಯಾರೋ ಹಿಡಿದುಕೊಂಡು ನಿಂತ ಅವನ ಫೋಟೋವೋ? ಅದು ತಿಳಿಯದಿದ್ದರೆ ಕಳ್ಳರಿಗೆ ಹಬ್ಬ. ಹಾಗಾಗಿ ಫೋನು ಅಪ್ಪಣೆ ಕೊಡುತ್ತದೆ: ಕಣ್ಣು ಮಿಟುಕಿಸಿ, ನಗಿ, ಎಡಕ್ಕೆ ತಿರುಗಿ. ಫೋಟೋ ನಗುವುದಿಲ್ಲ, ಮನುಷ್ಯ ನಗುತ್ತಾನೆ. ನಮ್ಮ ವ್ಯಾಪಾರವೆಲ್ಲ ನಿಂತದ್ದು ಇಷ್ಟರ ಮೇಲೆ.

ಮನೆಯ ಮಹಡಿ ರೂಮೇ ಆಫೀಸು. ಯಂತ್ರಕ್ಕೆ ಪಾಠ ಹೇಳಲು ವಯಸ್ಸಾದವರ ಮುಖಗಳು ಬೇಕಿದ್ದವು, ಮೊದಲು ಸಿಕ್ಕವರು ದೊಡ್ಡಪ್ಪ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಎದುರು ಕೂರಿಸಿದೆ. ಎಂದಿನಂತೆ ಮುಖ ಗೋಡೆ.

"ನಗಿ" ಅಂದಿತು ಫೋನು.

"ಯಾಕ್ ನಗ್ಬೇಕು? ಕಾರಣ ಹೇಳಪ್ಪ" ಅಂದರು ದೊಡ್ಡಪ್ಪ.

"ನಗಿ."

"ಏನೇ ಇದು ಪುಟ್ಟಿ, ಒಳ್ಳೆ ಹೆಡ್‌ಮಾಸ್ಟರ್ ಇದ್ದ ಹಾಗಿದಾನೆ. ಹೇಳಿದ್ದೇ ಹೇಳ್ತಾನೆ!"

ಕಾಫಿ ಹಿಡಿದು ಮೆಟ್ಟಿಲು ಹತ್ತಿಬಂದ ದೊಡ್ಡಮ್ಮ ಬಾಗಿಲಲ್ಲೇ ನಿಂತು, "ನಗ್ರೀ, ಮದುವೆ ದಿನ ನನಗೆ ಬಾಕಿ ಇಟ್ಟಿದ್ದನ್ನ ಇವನಿಗಾದ್ರೂ ತೀರಿಸಿ" ಅಂದಳು. ದೊಡ್ಡಪ್ಪ ನಕ್ಕರು ನೋಡಿ. ಕಣ್ಣಿನ ಮೂಲೆಯಲ್ಲಿ ಹುಟ್ಟಿ ಕಿವಿವರೆಗೆ ಹೋಗಿ ಭುಜ ಅಲ್ಲಾಡಿಸುವ ನಗು. ಕ್ಯಾಮೆರಾ ಇದೆ ಅನ್ನುವುದೇ ಮರೆತುಹೋಗಿತ್ತು. ಆಮೇಲೆ ವಾರಗಟ್ಟಲೆ, ಸಂಜೆಯ ವಾಕಿಂಗ್ ಮುಗಿಸಿ ಬಂದವರೇ ಮಹಡಿ ಹತ್ತಿ ಫೋನಿನ ಜೊತೆ ಜಗಳಕ್ಕೆ ಕೂರುತ್ತಿದ್ದರು. ಅವರಿಗಿದ್ದ ಅಷ್ಟೂ ಮುಖಗಳು ನಮ್ಮ ಕಂಪ್ಯೂಟರಿಗೆ ಬಂದವು.

ಬೀದಿಯವರನ್ನು ಕರೆತಂದವರೂ ಅವರೇ. ಎದುರು ಮನೆಯ ಆಂಟಿ ಬಾಗಿಲಲ್ಲೇ ಅನುಮಾನಿಸಿದರು. "ನಾಳೆ ನನ್ನ ಮುಖಾನ ಎಲ್ಲಾದ್ರೂ ಹಾಕ್ಬಿಟ್ರೆ ಏನ್ ಗತಿ ಮೇಷ್ಟ್ರೇ?"

"ಕೆಲಸ ಮುಗಿದ ಮೇಲೆ ಎಲ್ಲಾ ಅಳಿಸ್ಬಿಡ್ತಾಳೆ ಕಣಮ್ಮ. ನಾನು ಜವಾಬ್ದಾರಿ" ಅಂದರು. ಆಂಟಿ ಹೋದ ಮೇಲೆ ನನ್ನ ಕಡೆ ತಿರುಗಿದರು. "ತಮಾಷೆಗೆ ಹೇಳ್ಲಿಲ್ಲ ನಾನು. ನಂದೂ ಅಳಿಸ್ಬೇಕು. ದೊಡ್ಡಪ್ಪಂದು, ಇರ್ಲಿ ಅಂತ ಒಂದು ಉಳಿಸ್ಕೊಂಡೆ ಅಂತಿಟ್ಕೊ, ನಾಳೆ ಇನ್ನೊಬ್ಬರದ್ದು ಉಳಿಸ್ಕೊಳ್ಳೋಕೆ ನಿಂಗೆ ಕಾರಣ ಸಿಗುತ್ತೆ."

ಹೂಂ ಅಂದೆ.

ಕೆಲಸ ಕೈ ಹಿಡಿಯಿತು. ಮಹಡಿ ರೂಮಿನಿಂದ ಜೆ.ಪಿ. ನಗರದ ಒಂದು ಬಾಡಿಗೆ ಮನೆಗೆ, ಅಲ್ಲಿಂದ ಗಾಜಿನ ಕಟ್ಟಡಕ್ಕೆ ಹೋದೆವು. ಬನಶಂಕರಿಯ ಹೂವಿನವರು, ಬಿ.ಟಿ.ಎಂ.ನ ದರ್ಶಿನಿ ಹೋಟೆಲಿನವರು ನಮ್ಮ ಆ್ಯಪ್ ಇಟ್ಟುಕೊಂಡರು. ಸಭೆಗಳಲ್ಲಿ ನನ್ನನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಕೊನೆಗೆ ದೊಡ್ಡ ಕಂಪನಿಯೊಂದು ನಮ್ಮನ್ನು ಕೊಳ್ಳಲು ಬಂತು. ಅವರ ಕಣ್ಣಿದ್ದದ್ದು ನಾವು ಬರೆದ ಪ್ರೋಗ್ರಾಂ ಮೇಲಷ್ಟೇ ಅಲ್ಲ, ಯಂತ್ರಕ್ಕೆ ಪಾಠ ಹೇಳಲು ಕೂಡಿಟ್ಟಿದ್ದ ಆ ಮುಖಗಳ ಮೇಲೂ. "ಅದೇ ಮೇಡಂ ನಿಮ್ಮ ನಿಜವಾದ ಆಸ್ತಿ" ಅಂದ ಅವರ ಕಡೆಯವನು. ಅದು ನನ್ನ ಆಸ್ತಿಯಲ್ಲಪ್ಪ, ಜನ ನಂಬಿ ಕೊಟ್ಟದ್ದು ಅಂದೆ. ತಿಂಗಳುಗಟ್ಟಲೆ ಎಳೆದಾಡಿದರು. ನಾನು ಬಗ್ಗಲಿಲ್ಲ. ಸಹಿ ಹಾಕುವ ಮುಂಚೆ ಎಲ್ಲವನ್ನೂ ಅಳಿಸಿದೆವು, ಪ್ರತಿಗಳನ್ನೂ ಹುಡುಕಿ ಹುಡುಕಿ ಅಳಿಸಿದೆವು. ನನ್ನ ವೃತ್ತಿಯಲ್ಲಿ ಎದೆಯುಬ್ಬಿಸಿ ಹೇಳಬಹುದಾದ ದಿನ ಅಂತ ಒಂದಿದ್ದರೆ ಅದು ಅದೇ.

ಜವಾಬ್ದಾರಿ ಹೊತ್ತವರು ಕಣ್ಣಾರೆ ನೋಡಲಿ ಅಂತ ದೊಡ್ಡಪ್ಪನನ್ನು ಆಫೀಸಿಗೆ ಕರೆಸಿದ್ದೆ. ಪಂಚೆ, ಇಸ್ತ್ರಿ ಮಾಡಿದ ಶರ್ಟು. ಪಕ್ಕದ ಕುರ್ಚಿಯಲ್ಲಿ ಕೂತು ಪರದೆ ಖಾಲಿಯಾಗುವುದನ್ನು ನೋಡಿದರು. "ಒಳ್ಳೇದಾಯ್ತು" ಅಂದರು, ಅಷ್ಟೇ. ಮುಖ ಗಂಭೀರವಾಗಿತ್ತು. ಸಂದರ್ಭವೇ ಅಂಥದ್ದು, ಅದಕ್ಕೇ ಗಂಭೀರವಾಗಿದ್ದಾರೆ ಅಂದುಕೊಂಡೆ. ಕಾಯಿಲೆ ಆಗಲೇ ಶುರುವಾಗಿತ್ತು.

ಅದು ನಮಗೆ ಗೊತ್ತಾದದ್ದು ಬಹಳ ತಡವಾಗಿ. ಕೈ ನಡುಗತೊಡಗಿದ ಮೇಲೆ, ನಡಿಗೆ ಸಣ್ಣ ಸಣ್ಣ ಹೆಜ್ಜೆಯಾದ ಮೇಲೆ, ಡಾಕ್ಟರ ಹತ್ತಿರ ಹೋದೆವು. ಪಾರ್ಕಿನ್‌ಸನ್ ಅಂದರು. ಕೆಲವರಲ್ಲಿ ನಡುಕಕ್ಕಿಂತ ಮೊದಲು ಮುಖ ಬಿಗಿಯುತ್ತದಂತೆ. ಒಳಗೆ ನಗು ಬರುತ್ತದೆ, ಅಳು ಬರುತ್ತದೆ, ಎಲ್ಲವೂ ಬರುತ್ತದೆ. ಮುಖದವರೆಗೆ ಬಂದು ತಲುಪುವುದಿಲ್ಲ. ಕಣ್ಣು ರೆಪ್ಪೆ ಬಡಿಯುವುದೂ ಕಡಿಮೆಯಾಗುತ್ತದೆ.

ಆಟೋದಲ್ಲಿ ಬರುವಾಗ ದೊಡ್ಡಮ್ಮ ನನ್ನ ಕೈ ಹಿಡಿದುಕೊಂಡು ಕಿವಿಯಲ್ಲಿ ಹೇಳಿದಳು. "ಇವರು ನಗೋದು ಬಿಟ್ಟಾಗ ನನ್ಮೇಲೆ ಏನೋ ಕೋಪ ಅಂದ್ಕೊಂಡಿದ್ದೆ ಕಣೆ. ಏನ್ ತಪ್ಪು ಮಾಡ್ದೆ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಗಿತ್ತು. ಅದಕ್ಕೇ ಅವತ್ತಿಂದ ದಿನಾ ಅವರಿಗೆ ಇಷ್ಟ ಅಂತ ಏನಾದ್ರೂ ಒಂದು ಮಾಡ್ತಿದ್ದೆ." ಅವತ್ತಿಂದ ಅಂದರೆ ಎಷ್ಟು ಕಾಲ ಅಂತ ನಾನು ಕೇಳಲಿಲ್ಲ. ಮನೆಯಲ್ಲಿ ಹೋಳಿಗೆ, ಚಿರೋಟಿ, ಗಸಗಸೆ ಪಾಯಸ ಹಬ್ಬವಿಲ್ಲದೆ ಯಾಕೆ ಆಗುತ್ತಿದ್ದವು ಅನ್ನುವುದು ಆಗ ತಿಳಿಯಿತು.

ನಮ್ಮ ಆ್ಯಪ್ ಮುಖದ ಚಿತ್ರ ಇಟ್ಟುಕೊಳ್ಳುವುದಿಲ್ಲ, ಅಳತೆಯ ಅಂಕಿಗಳನ್ನಷ್ಟೇ ಇಟ್ಟುಕೊಂಡು ಆಗೀಗ ಖಾತೆದಾರರ ಮುಖವನ್ನು ಮತ್ತೆ ನೋಡುತ್ತದೆ. ದೊಡ್ಡಪ್ಪನ ಸರದಿ ಬಂತು. ಕಣ್ಣು ಮಿಟುಕಿಸಿ ಅಂದಿತು, ಮಿಟುಕಿಸಿದರು, ಅದಕ್ಕೆ ಕಾಣಲಿಲ್ಲ. ನಗಿ ಅಂದಿತು. ನಗುತ್ತಿದ್ದರೋ ಏನೋ, ಇನ್ನೊಮ್ಮೆ ಪ್ರಯತ್ನಿಸಿ ಅಂದಿತು. ಮತ್ತೆ ಮತ್ತೆ ಅಂದಿತು. ನಮ್ಮನ್ನು ಕೊಂಡ ಆ ದೊಡ್ಡ ಕಂಪನಿಯಲ್ಲಿ ನಾನಿನ್ನೂ ಸಲಹೆಗಾರ್ತಿಯಾಗಿದ್ದೆ. ತಂಡದ ಹುಡುಗಿಗೆ ಫೋನು ಮಾಡಿದೆ. ಅವಳು ನೋಡಿ, ಸ್ವಲ್ಪ ಹಿಂಜರಿದು, "ಮೇಡಂ, ಸಿಸ್ಟಮ್ಮಿಗೆ ಯಾರೋ ಫೋಟೋ ಹಿಡ್ಕೊಂಡಿದಾರೆ ಅನ್ನೋ ಥರ ಕಾಣ್ತಿದೆ" ಅಂದಳು. ಅವಳ ತಪ್ಪೇನಿದೆ? ಆ ನಿಯಮ ಬರೆದವಳು ನಾನು. ಅದನ್ನು ಸಡಿಲಿಸಿದರೆ ಫೋಟೋಗಳೂ ಒಳಗೆ ಬರುತ್ತವೆ.

ದೊಡ್ಡಪ್ಪ ಕೇಳಿಸಿಕೊಂಡರು. ದನಿ ತೀರ ತಗ್ಗಿತ್ತು. "ಸರಿಯಾಗೇ ಹೇಳಿದೆ. ಹಾರ ಒಂದು ಹಾಕಿಲ್ಲ ಅಷ್ಟೇ."

"ಬಿಡ್ತು ಅನ್ನಿ!" ಅಂತ ಗದರಿದಳು ದೊಡ್ಡಮ್ಮ.

ಖಾತೆಯನ್ನು ದೊಡ್ಡಮ್ಮನ ಹೆಸರಿಗೆ ಮಾಡಿದೆ. ಅವಳು ಫೋನಿನ ಎದುರು ಸೆರಗು ಸರಿಮಾಡಿಕೊಂಡು ಕೂತು, ಕಣ್ಣು ಮಿಟುಕಿಸಿ, ನಕ್ಕಳು. ಅದು ಕೂಡಲೇ ಒಪ್ಪಿತು. ಫೋನು ಕೆಳಗಿಟ್ಟವಳು ಏಳಲಿಲ್ಲ.

"ಆವಾಗ ಮೇಲಿನ ರೂಮಲ್ಲಿ ಇವರದ್ದು ತೆಗೀತಿದ್ಯಲ್ಲ" ಅಂದಳು. "ಅದನ್ನ ತೋರ್ಸು."

"ಯಾಕೆ ದೊಡ್ಡಮ್ಮ?"

"ಮರೀತಾ ಇದೆ ಕಣೆ ನಂಗೆ. ಕಣ್ಣು ಮುಚ್ಚಿದ್ರೆ ಈಗಿನ ಮುಖವೇ ಬರುತ್ತೆ. ಅದರ ಹಿಂದೆ ಇನ್ನೊಂದು ಇತ್ತಲ್ಲ, ಅದು ಬರ್ತಾ ಇಲ್ಲ. ಒಂದೇ ಸಲ ತೋರ್ಸು, ಸಾಕು."

ಅಳಿಸಿದ್ದೇನೆ ಅಂದೆ. ಒಂದೂ ಉಳಿದಿಲ್ಲವಾ ಅಂದಳು. ಒಂದೂ ಇಲ್ಲ ಅಂದೆ. ಜನಕ್ಕೆ ಕೊಟ್ಟ ಮಾತು, ದೊಡ್ಡಪ್ಪ ಹೊತ್ತ ಜವಾಬ್ದಾರಿ, ಎಲ್ಲ ಹೇಳಿದೆ. ವೇದಿಕೆಗಳ ಮೇಲೆ ಚಪ್ಪಾಳೆ ಗಿಟ್ಟಿಸಿದ್ದ ಮಾತುಗಳೇ ಅವು.

ಕುರ್ಚಿಯಿಂದ ದೊಡ್ಡಪ್ಪ, "ನಾನೇ ಹೇಳಿದ್ದು ಅವಳಿಗೆ, ಅಳಿಸು ಅಂತ. ನನ್ನ ಮುಖ" ಅಂದರು.

ದೊಡ್ಡಮ್ಮ ಅವರ ಕಡೆ ತಿರುಗಿದಳು. ಅವಳು ಅವರ ಮೇಲೆ ದನಿ ಎತ್ತಿದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. "ನಿಮ್ಮ ಮುಖ ಅಂತೆ! ನೀವು ಯಾವತ್ತು ನೋಡ್ಕೊಂಡಿದ್ರಿ ಅದನ್ನ? ಗಡ್ಡ ಕೆರ್ಕೊಳೋವಾಗ ಬಿಟ್ರೆ? ಇಷ್ಟು ವರ್ಷ ನೋಡ್ದೋಳು ನಾನು. ನನ್ನ ಒಂದು ಮಾತು ಕೇಳ್ಬೇಕು ಅಂತ ನಿಮ್ಮಿಬ್ಬರಲ್ಲಿ ಒಬ್ಬರಿಗಾದ್ರೂ ಅನ್ನಿಸ್ಲಿಲ್ವಲ್ಲ!"

ಒಪ್ಪಿಗೆ ಅನ್ನುವ ವಿಷಯದ ಮೇಲೆ ನಾನು ಎಷ್ಟೋ ಕಡೆ ಮಾತಾಡಿದ್ದೇನೆ. ಮುಖ ಯಾರದ್ದೋ ಅವರ ಒಪ್ಪಿಗೆ ಬೇಕು ಅನ್ನುತ್ತೇವೆ. ಆ ಮುಖವನ್ನು ನೋಡಿಕೊಂಡೇ ಬದುಕಿದವರ ಲೆಕ್ಕ ನಮ್ಮ ಕಸುಬಿನಲ್ಲಿ ಎಲ್ಲೂ ಇಲ್ಲ. ಇವತ್ತು ಆ ದಿನ ಮತ್ತೆ ಬಂದರೂ ನಾನು ಅಳಿಸಿಯೇ ಅಳಿಸುತ್ತೇನೆ, ಎದುರು ಮನೆಯ ಆಂಟಿಗೆ ಕೊಟ್ಟ ಮಾತು ಮಾತೇ. ಹಾಗಂತ ದೊಡ್ಡಮ್ಮ ಹೇಳಿದ್ದು ಸುಳ್ಳಾಗುವುದಿಲ್ಲ. ಎರಡನ್ನೂ ಒಟ್ಟಿಗೆ ಹೊತ್ತುಕೊಂಡಿದ್ದೇನೆ, ಇಳಿಸುವ ಜಾಗ ಸಿಕ್ಕಿಲ್ಲ.

ಅವತ್ತು ಅವಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಪಾತ್ರೆ ತೊಳೆದಳು. ಮಜ್ಜಿಗೆ ತಂದು, ದೊಡ್ಡಪ್ಪನಿಗೆ ಗುಟುಕು ಗುಟುಕಾಗಿ ಕುಡಿಸಿ, ಗಲ್ಲ ಒರೆಸಿದಳು. ಟೀವಿಯಲ್ಲಿ ಯಾರೋ ಏನೋ ಹೇಳಿದ್ದಕ್ಕೆ ಅವಳಿಗೆ ನಗು ಬಂತು. ನಕ್ಕು, ಗಂಡನ ಕಡೆ ನೋಡಿದಳು. ಆ ಮುಖದಲ್ಲಿ ಏನೂ ಇರಲಿಲ್ಲ. ಆಗ ಬಾಯಿಬಿಟ್ಟೇ ಕೇಳಿದಳು.

"ಏನ್ರೀ, ನಗ್ತಿದೀರಾ?"

"ಹೂಂ" ಅಂದರು ದೊಡ್ಡಪ್ಪ.

ಈಗ ಅವರಿಬ್ಬರ ನಡುವೆ ಅದೇ ರೂಢಿಯಾಗಿದೆ. ನಗ್ತಿದೀರಾ ಅಂತ ಇವಳು, ಹೂಂ ಅಂತ ಅವರು. ಬೇಜಾರಾ ಅಂದರೆ, ಇಲ್ಲ. ಹೋದ ವಾರ ನಾನು, ಆ ದನಿಯನ್ನಾದರೂ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಲಾ ಅಂದೆ.

"ಈ ಸಲ ಅವಳನ್ನ ಕೇಳು" ಅಂದರು ದೊಡ್ಡಪ್ಪ.

ದೊಡ್ಡಮ್ಮ ಬೇಡ ಅಂದಳು. "ಇದು ಅವರ ದನಿ ಅಲ್ಲ ಕಣೆ, ಕಾಯಿಲೇದು. ಇದನ್ನ ಇಟ್ಕೊಂಡು ಏನ್ ಮಾಡ್ಲಿ?"

ಫೋನು ಒಳಗಿಟ್ಟೆ. ದನಿ ಇನ್ನೂ ತಗ್ಗುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ಈಗಲೇ ಆ ಒಂದು ಹೂಂ ಕೇಳಿಸಿಕೊಳ್ಳಲು ದೊಡ್ಡಮ್ಮ ಟೀವಿ ಆರಿಸಿ, ಬಗ್ಗಿ, ಕಿವಿಯನ್ನು ಅವರ ಬಾಯಿಯ ಹತ್ತಿರಕ್ಕೆ ಒಯ್ಯಬೇಕಾಗಿದೆ.