ಕೈ ಬರೆಯಲು ಬಾರದ ಕಾಮಿಕ್ಸ್‌ಗಾರ

ನನಗೆ ಕೈಯ ಚಿತ್ರ ಬರೆಯಲು ಬರುವುದಿಲ್ಲ. ಇಪ್ಪತ್ತು ವರ್ಷಗಳಿಂದ ಕಾಮಿಕ್ಸ್ ಮಾಡುತ್ತಿರುವವನು ಹೀಗೆ ಒಪ್ಪಿಕೊಳ್ಳುವುದೆಂದರೆ, ಪಂಕ್ಚರ್ ಅಂಗಡಿಯವನು ತನಗೆ ಗಾಳಿ ತುಂಬಲು ಬಾರದೆಂದು ಬೋರ್ಡು ಹಾಕಿಕೊಂಡಂತೆ. ಮುಖ ಬರುತ್ತದೆ, ಮೀಸೆ ಬರುತ್ತದೆ, ಕೊಪ್ಪಳದ ಬಸ್ಸಿನಲ್ಲಿ ಒಂಟಿ ಕಾಲಿನ ಮೇಲೆ ನಿಂತವನ ಸಿಟ್ಟೂ ಬರುತ್ತದೆ. ಮಣಿಕಟ್ಟು ದಾಟಿದ ಕೂಡಲೇ ನನ್ನ ಪೆನ್ನಿಗೆ ಬಾಳೆಗೊನೆಯ ಹೊರತು ಬೇರೇನೂ ತೋಚದು.

ಹಾಗಾಗಿ ನನ್ನ ಪಾತ್ರಗಳು ಹಿಟ್ನಾಳದ ಬಿಸಿಲಿನಲ್ಲೂ ಜೇಬಿನಲ್ಲಿ ಕೈ ಇಟ್ಟುಕೊಂಡೇ ಹೆದ್ದಾರಿ ದಾಟುತ್ತವೆ. ಗಂಗಾವತಿ ಕಡೆ ಭತ್ತದ ನಾಟಿ ಮಾಡುವವರೆಂದರೆ ನನಗೆ ವಿಶೇಷ ಪ್ರೀತಿ. ಅವರ ಕೈ ಸದಾ ಕೆಸರಿನೊಳಗಿರುತ್ತದೆ. ಇದನ್ನು ಕಂಡ ಹಿರಿಯರೊಬ್ಬರು ಸಭೆಯಲ್ಲಿ ನನ್ನನ್ನು ಶ್ರಮಜೀವಿಗಳ ಕಲಾವಿದ ಎಂದು ಹೊಗಳಿದರು. ನಾನು ವಿನಯದಿಂದ ಕೈ ಮುಗಿದೆ. ಆಗಲಾದರೂ ಆ ಕೈಗಳನ್ನು ನೋಡಿಕೊಳ್ಳಬಹುದಿತ್ತು.

ಕುಕನೂರಿನ ಖಾನಾವಳಿ ಮಾಲೀಕ ಶೇಖರಪ್ಪ ಗೋಡೆಗೆ ಅಂಟಿಸಲು ಒಂದು ಕಾಮಿಕ್ಸ್ ಕೇಳಿದ್ದು ಬೇಸಿಗೆಯಲ್ಲಿ. ಬೇಸಿಗೆಯೇ ಎಂದು ಆಣೆ ಮಾಡಲಾರೆ. ನೆನಪಿನಲ್ಲಿ ಬೆವರು ಇದೆ, ಆದರೆ ಅದು ಮುಂದೆ ನಡೆದದ್ದರ ನಾಚಿಕೆಯದ್ದೂ ಆಗಿರಬಹುದು. ಕತೆಯ ನಾಯಕಿ ಅಲ್ಲಿ ಜೋಳದ ರೊಟ್ಟಿ ಬಡಿಯುವ ಬಸಮ್ಮ. ನಾನು ನಾಲ್ಕು ಚೌಕ ಹಾಕಿದೆ. ಮೊದಲನೆಯದರಲ್ಲಿ ಬಸಮ್ಮ ಮೊಣಕೈವರೆಗೆ ಹಿಟ್ಟಿನೊಳಗೆ. ಎರಡನೆಯದರಲ್ಲಿ ಒಲೆ, ಹೊಗೆ. ಮೂರನೆಯದರಲ್ಲಿ ರೊಟ್ಟಿಯ ರಾಶಿ, ಅದರ ಹಿಂದೆ ಅವಳ ನಗುಮುಖ. ಕೊನೆಯದರಲ್ಲಿ ತೇಗುವ ಗಿರಾಕಿ. ಅವನ ಕೈಯನ್ನು ಟೇಬಲ್ಲಿನ ಕೆಳಗೆ ಸಾಗಿಸಿದ್ದೆ.

ಕಾಮಿಕ್ಸಿನ ನಿಜವಾದ ಕತೆ ಎರಡು ಚೌಕಗಳ ನಡುವಿನ ಬಿಳಿ ಪಟ್ಟಿಯಲ್ಲಿ ನಡೆಯುತ್ತದೆ ಎಂಬುದು ನನ್ನ ಸಿದ್ಧಾಂತ. ಬಾರದ್ದನ್ನೆಲ್ಲ ಅಲ್ಲಿಗೆ ತಳ್ಳಿ, ಪ್ರಯೋಗ ಎನ್ನಬಹುದು. ನೆನಪೂ ಹೀಗೇ ಮಾಡುತ್ತದೆಂದು ನನಗೆ ಗುಮಾನಿ.

ಹದಿನೈದು ದಿನ ಬಿಟ್ಟು ಊಟಕ್ಕೆ ಹೋದಾಗ ಶೇಖರಪ್ಪ ಪಲ್ಯ ಬಡಿಸುತ್ತ ಶುರುಮಾಡಿದ. "ನಿಮ್ಮ ಚಿತ್ರ ನೋಡಿದವರೆಲ್ಲ, ಮಷಿನ್ ತಂದ್ರೇನ್ರಿ ಸಾವಕಾರ ಅಂತ ಕೇಳಾಕತ್ಯಾರ. ಕೈರೊಟ್ಟಿಗೂ ಮಷಿನ್ ರೊಟ್ಟಿಗೂ ಮಂದಿಗೆ ಫರಕ್ ತಿಳಿಯೂದಿಲ್ಲ ಅಂದಮ್ಯಾಲ, ಮಷಿನ್ನ ತರೂದು ಛಲೋ ಅಲ್ಲೇನ್ರಿ?"

ಒಳಗಿನಿಂದ ಬಸಮ್ಮ ಬಂದು ಚಿತ್ರದ ಮುಂದೆ ನಿಂತಳು. "ಒಲಿ ಛಂದ ತಗದೀರಿ, ಹೊಗಿ ಛಂದ ತಗದೀರಿ. ನನ್ನ ಕೈ ಯಾರಿಗಿ ಕೊಟ್ರಿ ಸರ?"

ನಾನು ಬಿಳಿ ಪಟ್ಟಿಯನ್ನು ತೋರಿಸಿದೆ. "ರೊಟ್ಟಿ ಬಡಿಯೂದು ಇಲ್ಲೇ ನಡಿತೈತಿ ಬಸಮ್ಮ. ನೋಡೋರು ತಾವ ತಿಳ್ಕೋತಾರ."

"ತಿಳ್ಕೊಂಡ್ರಲ್ಲ, ಮಷಿನ್ ಅಂತ."

ನನ್ನ ಸಿದ್ಧಾಂತದ ಬಗ್ಗೆ ಇಷ್ಟು ಚುಟುಕಾದ ವಿಮರ್ಶೆಯನ್ನು ಯಾರೂ ಮಾಡಿರಲಿಲ್ಲ. ನನಗೆ ಬಾರದ ಒಂದು ಗೆರೆಯಿಂದ ಅವಳ ಕೆಲಸವೇ ಹೋಗುವುದರಲ್ಲಿತ್ತು.

ಮೂರು ದಿನ ಅಡುಗೆಮನೆಯ ಮೂಲೆಯಲ್ಲಿ ಅವಳ ಕೈಗಳನ್ನೇ ನೋಡುತ್ತ ಕೂತೆ. ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ, ಹೆಬ್ಬೆರಳಿನ ಬುಡದಲ್ಲಿ ಹಳೆಯ ಸುಟ್ಟ ಕಲೆ. "ಸರ, ರೊಟ್ಟಿ ತಣ್ಣಗ ಆದ್ರೂ ನಿಮ್ದೊಂದು ಬೆರಳು ಮುಗಿವಲ್ದಲ್ರೀ" ಎಂದು ಬಸಮ್ಮ ಕಿಚಾಯಿಸಿದಳು. ಕೊನೆಗೆ ನಾಲ್ಕೂ ಚೌಕಗಳಲ್ಲಿ ಬರೀ ಕೈಗಳನ್ನೇ ಬರೆದು ಗೋಡೆಗೆ ಅಂಟಿಸಿದೆ. ಹೊಣೆ ಅರಿತ ಕಲಾವಿದನಂತೆ ಎದೆಯುಬ್ಬಿಸಿ ಊರಿಗೆ ಮರಳಿದೆ.

ಮುಂದಿನ ವಾರ ಹೋದರೆ ಬಾಗಿಲಲ್ಲೇ ನಗು. ದಿನವೂ ಅಲ್ಲಿ ಉಣ್ಣುವ ಮೇಷ್ಟ್ರೊಬ್ಬರು ಗಟ್ಟಿಯಾಗಿ ಎಣಿಸುತ್ತಿದ್ದರು. "ಐದು... ಆರು! ಶೇಖರಪ್ಪ, ಆರು ಬೆರಳ ಅದಾವಲ್ಲೋ! ಮೊಬೈಲಿನ್ಯಾಗ ಆ ಎಐ ಕಡಿಂದ ತಗಿಸ್ಯಾನೇನು ನಿಮ್ಮ ಕಲಾವಿದ?"

ಎಣಿಸಿದೆ. ಮೂರನೆಯ ಚೌಕದಲ್ಲಿ ಆರೇ ಇದ್ದವು. ಇಷ್ಟು ವರ್ಷ ನುಂಗಿದ ಬೆರಳುಗಳ ಪೈಕಿ ಒಂದನ್ನು ನನ್ನ ಪೆನ್ನು ವಾಪಸು ಕೊಟ್ಟಿತ್ತು. ಸ್ಟೂಲು ಹತ್ತಿ ತಿದ್ದಲು ಪೆನ್ನು ತೆಗೆದೆ.

"ತಿದ್ದಬ್ಯಾಡ್ರಿ ಸರ," ಅಡುಗೆಮನೆಯಿಂದ ಬಸಮ್ಮ ಕೂಗಿದಳು. ಅವಳ ಬಾಗಿಲಿಗೆ ಮೂರ್ನಾಲ್ಕು ಗಿರಾಕಿಗಳು ಜೋತುಬಿದ್ದಿದ್ದರು. "ಖರೇನ ಆರು ಅದಾವೇನಂತ ಎಣಸಾಕ ಬಂದು, ರೊಟ್ಟಿ ಬಡಿಯೂದು ನೋಡಾಕತ್ಯಾರ. ಸಾವಕಾರ್ರು ಮಷಿನ್ ಮಾತು ಬಿಟ್ಟು ನಾಕ್ ದಿನ ಆತು."

ಸ್ಟೂಲಿನಿಂದ ಇಳಿದೆ. ಪೆನ್ನನ್ನು ಜೇಬಿಗೆ ಹಾಕಿದೆ. ಕೈಯನ್ನು ಮಾತ್ರ ಮರೆಯದೆ ಹೊರಗೆ ತೆಗೆದೆ.