ಧೂಳು ಕೂರದ ಐದು ಅಕ್ಷರ

ಕೀಬೋರ್ಡಿನಲ್ಲಿ ಐದು ಅಕ್ಷರಗಳು ಮಾತ್ರ ಕಪ್ಪಗಿದ್ದವು. ಉಳಿದವೆಲ್ಲ ಕೆಂಪು.

ಸಂಡೂರಿನ ಗುಡ್ಡದ ಮೇಲೆ ಒಂದು ಗಣಿ. ಅದಿರು ತುಂಬಿದ ಲಾರಿ ಬಂದು ತೂಕಕ್ಕೆ ನಿಲ್ಲುವ ವೇಬ್ರಿಡ್ಜ್, ಪಕ್ಕದಲ್ಲಿ ತಗಡಿನ ಕೋಣೆ, ಕೋಣೆಯೊಳಗೆ ಒಂದು ಕಂಪ್ಯೂಟರ್. ಅಲ್ಲಿ ಧೂಳು ಕೂರದ ವಸ್ತುವಿಲ್ಲ. ಚಹಾದ ಕೆನೆಯೂ ಕೆಂಪು. ಲಾರಿಯ ನಂಬರು, ತೂಕ ಎಲ್ಲ ಅಂಕಿಗಳ ಕೆಲಸ. ಉಳಿದದ್ದನ್ನು ಮೌಸಿನಲ್ಲಿ ಆರಿಸಿದರಾಯಿತು. ಅಕ್ಷರಗಳ ಕಡೆ ಬೆರಳು ಹೋಗುವುದು ಪಾಸ್‌ವರ್ಡಿಗೆ ಮಾತ್ರ. ಪ್ರತಿ ತೂಕದ ಚೀಟಿಗೂ ಒಮ್ಮೆ ಪಾಸ್‌ವರ್ಡ್. ಹೀಗಾಗಿ ಆ ಐದು ಕೀಲಿಗಳ ಮೇಲೆ ಕೂರಲು ಧೂಳಿಗೆ ಪುರುಸೊತ್ತೇ ಸಿಕ್ಕಿರಲಿಲ್ಲ.

ಡಿ, ಎಚ್, ಎ, ಎನ್, ಐ.

ಜೋಡಿಸುವುದು ಕಷ್ಟವೇ? ನಮ್ಮ ಕಡೆ ಗಣಿ ಮಾಲೀಕನನ್ನು ಏನೆಂದು ಕರೆಯುತ್ತಾರೆ? ಧಣಿ.

ಈ ಕಥೆಯನ್ನು ಮೂರು ತಿಂಗಳಲ್ಲಿ ಮೂರು ಕಡೆ ಹೇಳಿದ್ದೇನೆ. ಒಂದು ಮದುವೆಯ ಊಟದ ಪಂಕ್ತಿಯಲ್ಲಿ, ಒಮ್ಮೆ ಕ್ಷೌರದ ಅಂಗಡಿಯಲ್ಲಿ, ಒಮ್ಮೆ ನನ್ನ ಕ್ಲಾಸಿನಲ್ಲಿ. ಮೂರು ಕಡೆಯೂ ಜನ ನಕ್ಕರು. ಮೂರು ಸಲವೂ ಧೂಳು ನೋಡಿಯೇ ಪಾಸ್‌ವರ್ಡ್ ಹಿಡಿದ ಜಾಣ ನಾನೇ. (ನಾನೇ ಜಾಣನಾಗಿ ಕಾಣುವ ನೆನಪುಗಳನ್ನು ನಾನು ಇತ್ತೀಚೆಗೆ ನಂಬುತ್ತಿಲ್ಲ.)

ಹೊಸಪೇಟೆಯಲ್ಲಿ ನನ್ನದೊಂದು ಕಂಪ್ಯೂಟರ್ ತರಬೇತಿ ಕೇಂದ್ರ ಇದೆ. ಆ ಗಣಿ ಕಂಪನಿಯ ಮ್ಯಾನೇಜರ್ ಬಸಣ್ಣ ಒಂದು ದಿನ ಬಂದು, "ಸರ್, ನಮ್ಮ ಗುಡ್ಡದ ಕಂಪ್ಯೂಟ್ರು, ಹೊಸಪೇಟಿ ಆಫೀಸಿನ ಕಂಪ್ಯೂಟ್ರು ಎಲ್ಲಾ ಒಂದಕ್ಕೊಂದು ಜೋಡಿಸೀವ್ರಿ. ಯಾರರ ಒಳಗ ನುಗ್ತಾರೇನೋ ಅಂತ ಧಣೇರಿಗೆ ಅನುಮಾನ. ಎಲ್ಲೆಲ್ಲಿ ತೂತು ಅದಾವ ನೋಡಿ ಒಂದು ರಿಪೋರ್ಟ್ ಕೊಡ್ರಿ" ಎಂದರು.

ತೂತು ಹುಡುಕುವುದು ಏನು ಮಹಾ ವಿದ್ಯೆಯಲ್ಲ. ಯಾವ ಬಾಗಿಲು ತೆರೆದಿದೆ, ಯಾರ ಬಳಿ ಕೀಲಿ ಇದೆ, ಕಳ್ಳ ಬಂದರೆ ಏನು ಹೋಗುತ್ತದೆ, ಮೊದಲು ಯಾವುದನ್ನು ಮುಚ್ಚಬೇಕು. ಇಷ್ಟೇ. ಎರಡು ದಿನ ಓಡಾಡಿದೆ. ಎಲ್ಲ ಕಂಪ್ಯೂಟರಿಗೂ ಒಂದೇ ಪಾಸ್‌ವರ್ಡ್. ಕೆಲಸ ಬಿಟ್ಟು ಹೋದವರ ಲಾಗಿನ್‌ಗಳು ಇನ್ನೂ ಜೀವಂತ. ಆಂಟಿವೈರಸ್ ಯಾವತ್ತೋ ಮುಗಿದಿತ್ತು. ಎಲ್ಲಕ್ಕಿಂತ ದೊಡ್ಡದು: ಸಾಫ್ಟ್‌ವೇರ್ ಹಾಕಿಕೊಟ್ಟವರು ರಿಪೇರಿಗೆಂದು ಟೆಲಿಫೋನ್ ಲೈನಿನಲ್ಲಿ ಒಂದು ದಾರಿ ತೆರೆದವರು ಮುಚ್ಚಿರಲಿಲ್ಲ. ಐದು ಅಕ್ಷರ ಗೊತ್ತಿದ್ದವನು ಗುಡ್ಡ ಹತ್ತಬೇಕಾಗಿಯೇ ಇರಲಿಲ್ಲ. ಹೊಸಪೇಟೆಯಲ್ಲೇ ಕೂತು ಲಾರಿ ತೂಗಬಹುದಿತ್ತು.

ತೂಗಿದ್ದರು ಕೂಡ.

ಅದನ್ನು ಹೇಳಿದವಳು ನೀಲಮ್ಮ. ವೇಬ್ರಿಡ್ಜಿನ ಆಪರೇಟರ್. ದರೋಜಿಯವಳು. ಆರು ವರ್ಷದ ಹಿಂದೆ ನನ್ನ ಕ್ಲಾಸಿನಲ್ಲೇ ಟೈಪಿಂಗ್ ಕಲಿತವಳು. ಗುಡ್ಡದ ಕೋಣೆಯಲ್ಲಿ ನನ್ನನ್ನು ಕಂಡು ಅವಳಿಗಾದ ಸಂತೋಷ ನೆನಪಿದೆ. ಕುರ್ಚಿಯನ್ನು ಸೆರಗಿನಿಂದಲೇ ಒರೆಸಿ, "ಕುಂದ್ರಿ ಸರ್. ಬಿಳಿ ಅಂಗಿ ಹಾಕ್ಕೊಂಡ್ ಬಂದೀರಲ್ರಿ, ಹೊಳ್ಳಿ ಹೋಗೂತ್ಲೆ ನಿಮ್ಮನ್ಯಾಗ ಗುರ್ತು ಹಿಡಿಯಂಗಿಲ್ಲ ನೋಡ್ರಿ" ಎಂದಳು.

ಆಮೇಲೆ ದನಿ ತಗ್ಗಿಸಿ ಹೇಳಿದಳು. "ನಾನು ಐದೂವರಿ ಬಸ್ಸಿಗೆ ಹೋಗ್ತೀನ್ರಿ. ಹೋದಮ್ಯಾಲೆ ನನ್ನ ಹೆಸರ್ನಾಗ ಎಂಟು ಲಾರಿ ತೂಗ್ಯಾರ. ಚೀಟಿ ಮ್ಯಾಲೆ 'ತೂಗಿದವರು ನೀಲಮ್ಮ' ಅಂತ ಬಂದೈತಿ. ತೂಕ ಎಲ್ಲಾ ಕಮ್ಮಿ ಕಮ್ಮಿ ತೋರ್ಸ್ಯಾರ, ಉಳಿದ ಅದಿರು ಕಳವು. ಪಾಸ್‌ವರ್ಡ್ ಊರಿಗೆಲ್ಲಾ ಗೊತ್ತೈತ್ರಿ. ಬದಲಾಸ್ರಿ ಅಂತ ಮ್ಯಾನೇಜರ್‌ಗೆ ಎರಡು ಸಲ ಹೇಳೀನಿ. 'ಧಣೇರ ಹೆಸರು ತಗದು ನಿನ್ನ ಹೆಸರು ಇಡ್ಲೇನು?' ಅಂತ ನಗ್ಯಾಡಿದ್ರು."

ಇದನ್ನು ಅವಳು ಯಾವಾಗ ಹೇಳಿದಳು? ನಾನು ಕೀಬೋರ್ಡ್ ನೋಡುವ ಮೊದಲೋ, ನೋಡಿದ ಮೇಲೋ?

ಆಗ ಇದೊಂದು ಪ್ರಶ್ನೆ ಎಂದೇ ಅನಿಸಿರಲಿಲ್ಲ. ರಿಪೋರ್ಟ್ ಬರೆದೆ. ಚೆಂದದ ಕಾಗದ, ಸುರುಳಿ ಬೈಂಡಿಂಗ್. ಒಂಬತ್ತು ತೂತುಗಳು, ದೊಡ್ಡದರಿಂದ ಸಣ್ಣದಕ್ಕೆ. ನಾಲ್ಕನೆಯದರಲ್ಲಿ ಧೂಳಿನ ಪತ್ತೇದಾರಿಯನ್ನು ಖುಷಿಯಿಂದ ವಿವರಿಸಿ ಕೊನೆಗೆ ಹೀಗೆ ಬರೆದೆ: "ವಿಚಾರಿಸಿದಾಗ, ಪಾಸ್‌ವರ್ಡ್ ಎಲ್ಲರಿಗೂ ತಿಳಿದಿದೆ ಎಂದು ಆಪರೇಟರ್ ಒಪ್ಪಿಕೊಂಡರು."

ಹತ್ತು ದಿನದ ಹಿಂದೆ ಹೊಸಪೇಟೆ ಬಸ್ ನಿಲ್ದಾಣದಲ್ಲಿ ನೀಲಮ್ಮ ಸಿಕ್ಕಳು. ಕಂಪ್ಲಿ ಬಸ್ಸಿಗೆ ಕಾಯುತ್ತಿದ್ದಳು.

"ಏನವಾ ನೀಲಾ, ಇತ್ಲಾಗ್ಯಾಕ? ರಜಾನ?"

"ಖಾಯಂ ರಜಾ ರೀ ಸರ್" ಎಂದಳು.

ನಾನು ರಿಪೋರ್ಟ್ ಕೊಟ್ಟ ಮರುವಾರವೇ ತೆಗೆದಿದ್ದರು. ಈಗ ಕಂಪ್ಲಿಯ ಒಂದು ಅಕ್ಕಿ ಗಿರಣಿಯಲ್ಲಿ ಚೀಲಗಳ ಲೆಕ್ಕ ಬರೆಯುತ್ತಾಳೆ. ಪೆನ್ನು, ಪುಸ್ತಕ. ಬೇರೆ ಎರಡು ಗಣಿಗಳಲ್ಲಿ ಕಂಪ್ಯೂಟರ್ ಕೆಲಸ ಕೇಳಿದ್ದಳು. ಎರಡೂ ಕಡೆಯವರು ಬಸಣ್ಣನಿಗೆ ಫೋನ್ ಮಾಡಿ ವಿಚಾರಿಸಿದರು. ಬಸಣ್ಣ ಒಂದೇ ಮಾತು ಹೇಳಿದರಂತೆ: "ತಾನೇ ಒಪ್ಪಿಕೊಂಡಾಳ್ರಿ."

"ನಾನೇನ್ ಒಪ್ಪಿಕೊಂಡೆ ಸರ್?" ನೀಲಮ್ಮ ಕೇಳಿದಳು. ಜಗಳದ ದನಿ ಅಲ್ಲ. ಕ್ಲಾಸಿನಲ್ಲಿ ತಿಳಿಯದ ಪಾಠ ಕೇಳುತ್ತಿದ್ದಳಲ್ಲ, ಆ ದನಿ. "ನಾನು ಹೇಳಿದ್ದೆನ್ರಿ. ನೀವು ಕೇಳೂಕಿಂತ ಮೊದ್ಲ ಹೇಳಿದ್ದೆ. ಒಪ್ಪಿಕೊಳ್ಳೋದಂದ್ರ ಕದ್ದು ಸಿಕ್ಕೊಂಡವರು ಮಾಡೂದು. ಊರಾಗ ನನ್ನ ಹಿಂದ ಏನಂತ ಮಾತಾಡ್ತಾರ ಗೊತ್ತೇನ್ರಿ? ಎಂಟು ಲಾರಿ ನುಂಗಿದಾಕಿ ಅಂತಾರ."

ಅವಳು ಚೀಲವನ್ನು ಹೆಗಲಿಗೇರಿಸಿಕೊಂಡಳು.

"ಒಂದು ಕಾಗದ ಬರಕೊಡ್ರಿ ಸರ್. ನೀಲಮ್ಮ ತಾನಾಗೇ, ಮೊದ್ಲ ಹೇಳಿದಳು ಅಂತ. ಅಷ್ಟ ಸಾಕು."

ಬಸ್ಸು ಬಂತು. ಹತ್ತಿಹೋದಳು.

ಅಷ್ಟೇ ಸಾಕು ಎಂದಳು. ಬರೆಯಲು ಕೂತರೆ ಅಷ್ಟೇ ಆಗಲಿಲ್ಲ. ನನ್ನ ನೆನಪಿನಲ್ಲಿ ಧೂಳು ಮೊದಲು, ನೀಲಮ್ಮ ಆಮೇಲೆ. ಕೋಣೆಗೆ ಕಾಲಿಡುತ್ತಲೇ ಕಣ್ಣು ಕೀಬೋರ್ಡಿಗೆ ಹೋಗುತ್ತದೆ, ತುಟಿಯಲ್ಲಿ ನಗು ಮೂಡುತ್ತದೆ, ತಿರುಗಿ ಅವಳನ್ನು ಕೇಳುತ್ತೇನೆ. ಎಲ್ಲ ಸ್ಪಷ್ಟ. ಆದರೆ ಈ ಚಿತ್ರದಲ್ಲಿ ನನ್ನ ಮುಖವೂ ನನಗೆ ಕಾಣುತ್ತದೆ! ಕೋಣೆಯಲ್ಲಿ ಕನ್ನಡಿ ಇರಲಿಲ್ಲ. ಹಾಗಾದರೆ ಇದು ಕಂಡದ್ದೋ, ಮೂರು ಕಡೆ ಹೇಳುತ್ತ ಹೇಳುತ್ತ ಕಟ್ಟಿದ್ದೋ?

ಅಂದಿನ ನೋಟ್‌ಬುಕ್ ಹುಡುಕಿ ತೆಗೆದೆ. ಹಾಳೆಯ ಅಂಚಿನಲ್ಲಿ ಕೆಂಪು ಬೆರಳ ಗುರುತು. ಮೊದಲ ಸಾಲು: "8 ಲಾರಿ, 5.30ರ ನಂತರ, ನೀಲಮ್ಮ." ಅದರ ಕೆಳಗೆ: "ಕೀಬೋರ್ಡ್ ನೋಡು."

ಕೀಬೋರ್ಡ್ ನೋಡು. ಅಂದರೆ ಆಗಿನ್ನೂ ನೋಡಿರಲಿಲ್ಲ. ಒಂದು ವೇಳೆ ನೋಡು ಎಂದವಳೂ ಅವಳೇ ಇರಬಹುದೇ? ಗೊತ್ತಿಲ್ಲ. ಆ ಹಾಳೆ ಅದನ್ನು ಹೇಳುವುದಿಲ್ಲ. ಆದರೆ ಯಾರು ಮೊದಲು ಎಂಬುದನ್ನು ಹೇಳುತ್ತದೆ. ನನ್ನ ಮೂರೂ ಕಥೆಗಳು, ನನ್ನ ನಾಲ್ಕನೆಯ ತೂತು, ಎಲ್ಲ ತಲೆಕೆಳಗು.

ಕಾಗದ ಬರೆದೆ. "ಒಪ್ಪಿಕೊಂಡರು" ಎಂಬುದು ನನ್ನ ತಪ್ಪು. "ತಾವಾಗಿಯೇ, ಮೊದಲೇ ತಿಳಿಸಿದರು" ಎಂದಾಗಬೇಕು. ಒಂದು ಪ್ರತಿಯನ್ನು ಕಂಪ್ಲಿಗೆ ಕಳಿಸಿ, ಇನ್ನೊಂದನ್ನು ಹಿಡಿದು ಸೋಮವಾರ ಗುಡ್ಡ ಹತ್ತಿದೆ.

ಬಸಣ್ಣ ಓದಿದರು. ಮಡಚಿದರು. ವಾಪಸು ಕೊಟ್ಟರು.

"ಈಗ್ಯಾಕ್ರಿ ಸರ್ ಇದು? ರಿಪೋರ್ಟಿನ್ಯಾಗ ನಿಮ್ಮ ಸಹಿ ಐತಿ, ಸೀಲ್ ಐತಿ. ಕಂಪ್ಯೂಟ್ರಿನ ಲಾಗ್‌ನ್ಯಾಗ ಆಕಿ ಹೆಸರೈತಿ. ಲಾಗ್ ಸುಳ್ಳು ಹೇಳ್ತೈತೇನು?"

"ಹೇಳುತ್ತದೆ ಬಸಣ್ಣ. ಅದು ಹೆಸರನ್ನು ಬರೆದುಕೊಳ್ಳುತ್ತದೆ. ಬೆರಳು ಯಾರದೆಂದು ಅದಕ್ಕೆ ತಿಳಿಯುವುದಿಲ್ಲ. ರಿಪೋರ್ಟಿನ ಒಂದನೇ ನಂಬರಿನಲ್ಲಿ ಆ ಟೆಲಿಫೋನ್ ದಾರಿಯನ್ನು ಬರೆದಿದ್ದೆನಲ್ಲ? ಮುಚ್ಚಿಸಿದಿರಾ?"

"ಅದು ಸಾಫ್ಟ್‌ವೇರ್‌ನೋರು ಬರಬೇಕ್ರಿ. ಬರ್ತಾರ."

"ಪಾಸ್‌ವರ್ಡ್?"

ಬಸಣ್ಣ ನನ್ನನ್ನು ಮರುಕದಿಂದ ನೋಡಿದರು. "ಧಣೇರ ಹೆಸರು ತಗೀರಿ ಅಂತ ಧಣೇರ ಮುಂದ ನಿಂತು ನಾ ಹೆಂಗ ಹೇಳ್ಲಿ ಸರ್? ನನಗೂ ಕೆಲಸ ಬೇಕಲ್ರಿ."

ಅವರೂ ಸುಳ್ಳು ಹೇಳಲಿಲ್ಲ. ಅದು ನನಗೆ ಇನ್ನೂ ಕೆಟ್ಟದೆನಿಸಿತು.

ಒಂಬತ್ತು ತೂತುಗಳಲ್ಲಿ ಅವರು ಮುಚ್ಚಿದ್ದು ಎರಡನ್ನು. ಒಂದು, ನೀಲಮ್ಮ. (ಅವಳು ತೂತು ಎಂದು ನಾನೆಲ್ಲೂ ಬರೆದಿರಲಿಲ್ಲ. ಬರೆದಿರಲಿಲ್ಲವೇ?) ಇನ್ನೊಂದನ್ನು ಕೋಣೆಯಲ್ಲಿ ಕಂಡೆ.

ಹೊಸ ಆಪರೇಟರ್ ನಡುವಯಸ್ಸಿನವರು, ಪಂಪಣ್ಣ. ಮಾತು ಕಡಿಮೆ. ಕುರ್ಚಿಯನ್ನು ಒರೆಸಲಿಲ್ಲ.

"ಏನಾದರೂ ತೊಂದರೆ ಇದೆಯೇ?"

"ಏನಿಲ್ರಿ. ಎಲ್ಲಾ ಬರೋಬ್ಬರಿ ಐತಿ."

"ನಿಮ್ಮ ಡ್ಯೂಟಿ ಮುಗಿದ ಮೇಲೆ ಬೇರೆ ಯಾರಾದರೂ ಚೀಟಿ ತೆಗೆಯುತ್ತಾರೆಯೇ?"

"ನನಗೇನ್ ಗೊತ್ತಿಲ್ರಿ. ನಾ ಏನೂ ನೋಡಿಲ್ರಿ." ಹೊರಗೆ ನಿಂತ ಲಾರಿಯನ್ನೇ ನೋಡುತ್ತ ಸೇರಿಸಿದರು: "ಮೊದ್ಲಿದ್ದ ಹೆಣ್ಮಗಳು ನಿಮ್ಮ ಕೂಡ ಭಾಳ ಮಾತಾಡಿದ್ಲಂತಲ್ರಿ."

ಪಕ್ಕದ ಸ್ಟೋರಿನವರನ್ನು ಕೇಳಿದೆ. ಬರೋಬ್ಬರಿ. ಡೀಸೆಲ್ ಬಂಕಿನವರನ್ನು ಕೇಳಿದೆ. ಬರೋಬ್ಬರಿ. ಮೂರು ತಿಂಗಳ ಹಿಂದೆ ತಾವಾಗಿ ಬಂದು ಚಹಾ ಕೊಟ್ಟು ದೂರು ಹೇಳಿದ್ದ ಜನ ಇವರೇ. ಈಗ ಮತ್ತೊಂದು ರಿಪೋರ್ಟ್ ಬರೆದರೆ ಒಂದೂ ತೂತು ಸಿಗುವುದಿಲ್ಲ. ಆ ಟೆಲಿಫೋನ್ ದಾರಿ ಹಾಗೇ ತೆರೆದಿದೆ. ಐದು ಅಕ್ಷರ ಹಾಗೇ ಇವೆ. ಎಂಟಿದ್ದ ಲಾರಿ ಎಷ್ಟಾಗಿವೆಯೋ, ಹೇಳುವವರಿಲ್ಲ. ಚೀಟಿಯ ಮೇಲೆ ಈಗ ಪಂಪಣ್ಣನ ಹೆಸರು ಬರುತ್ತದೆ. ಅವರಿಗದು ಗೊತ್ತಿಲ್ಲ ಎಂದುಕೊಂಡಿರಾ?

ಹೊರಡುವಾಗ ಪಂಪಣ್ಣ ಒದ್ದೆ ಬಟ್ಟೆ ತೆಗೆದುಕೊಂಡು ಕೀಬೋರ್ಡ್ ಒರೆಸತೊಡಗಿದರು. ಒಂದೊಂದೇ ಕೀಲಿ, ಅಚ್ಚುಕಟ್ಟಾಗಿ. ಬಟ್ಟೆ ಕೆಂಪಾಯಿತು. ಕೀಲಿಗಳೆಲ್ಲ ಒಂದೇ ಕಪ್ಪು.

"ದಿನಾ ಎರಡು ಸಲ ಒರಸಬೇಕಂತ ಆರ್ಡರ್ ಐತ್ರಿ" ಎಂದರು.

ಆ ಗುಡ್ಡದ ಮೇಲೆ ನಿಜ ಹೇಳಲು ಇನ್ನು ಧೂಳೊಂದೇ ಉಳಿದಿತ್ತು; ಅದನ್ನೂ ದಿನಕ್ಕೆ ಎರಡು ಸಲ ಒರೆಸಿ ಎಂದು ರಿಪೋರ್ಟಿನ ನಾಲ್ಕನೇ ನಂಬರಿನಲ್ಲಿ ಬರೆದು, ಕೆಳಗೆ ಸಹಿ ಹಾಕಿದವನು ನಾನೇ.