ಕಿನುಯೊ ಅಜ್ಜಿಯ ಎಡಗಾಲಿನ ಅಳತೆ

ನಮ್ಮ ಪೇಟೆಯಲ್ಲಿ ತೋಫು ಮಾಡಿ ಮಾರುವ ಕಿನುಯೊ ಅಜ್ಜಿಗೆ ಎಪ್ಪತ್ತೆರಡು. ಗರ್ಭಕೋಶದ ಆಪರೇಷನ್ ಆದಮೇಲೆ ಅವಳ ಎಡಗಾಲು ಊದಿಕೊಂಡಿದ್ದು, ಎಂಟು ವರ್ಷವಾದರೂ ಪೂರ್ತಿ ಇಳಿದಿಲ್ಲ. ನನಗೆ ಊದಿರುವುದು ಬಲಗೈ. ಎರಡು ವರ್ಷದಿಂದ ಪ್ರತಿ ಗುರುವಾರ ನಾವಿಬ್ಬರೂ ಬಸ್ಸು ಹತ್ತಿ ಆಸ್ಪತ್ರೆಯ ಬಾವು ವಿಭಾಗಕ್ಕೆ ಹೋಗುತ್ತೇವೆ. ಅಲ್ಲಿ ಹಗಿವಾರ ಎಂಬ ಸಿಸ್ಟರ್ ಊದಿದ್ದನ್ನು ಮೆತ್ತಗೆ ನೀವಿ, ಬಿಗಿಪಟ್ಟಿ ಸುತ್ತಿ ಕಳಿಸುತ್ತಾಳೆ. ನಮ್ಮ ಹರಟೆ ತಾಳಲಾರದೆ ಬಸ್ಸಿನ ಡ್ರೈವರ್ ರೇಡಿಯೊ ಜೋರು ಮಾಡುತ್ತಾನೆ.

ಈ ವಸಂತದಲ್ಲಿ ವಿಭಾಗದ ಗುಣಮಟ್ಟ ಅಳೆಯಲು ಸೊನೊಬೆ ಎಂಬ ಅಧಿಕಾರಿ ಬಂದರು. ನಮ್ಮನ್ನೆಲ್ಲ ಕೂರಿಸಿ, ಮೊದಲ ದಿನದ ಅಳತೆಯನ್ನೂ ಈಗಿನ ಅಳತೆಯನ್ನೂ ಹೋಲಿಸಿ ನೋಡಿದರು. ಹನ್ನೊಂದು ಹೆಂಗಸರಲ್ಲಿ ಒಂಬತ್ತು ಜನರ ಬಾವು ಹೆಚ್ಚಾಗಿತ್ತು! ಅಜ್ಜಿಯದು ಎರಡು ಸೆಂಟಿಮೀಟರ್.

"ಹೀಗಾದ್ರೆ ಗುರುವಾರದ ವಿಭಾಗ ಮುಚ್ಬೇಕಾಗತ್ತೆ," ಎಂದರು.

ಸಿಸ್ಟರ್ ಮುಖ ಬಿಳಿಚಿಕೊಂಡಿತು. ನನಗೆ ಪಿತ್ತ ನೆತ್ತಿಗೇರಿತು. ಅಜ್ಜಿ ಮಾತ್ರ ಕಿಸಕ್ಕನೆ ನಕ್ಕಳು.

"ತಪ್ಪು ನಂದೇ ಕಣಪ್ಪಾ. ಗುರುತು ಪರಿಚಯ ಇಲ್ಲದೋರ ಮುಂದೆ ಇಂಥ ಕಾಲು ಚಾಚೋದು ಹೇಗೆ? ಮೊದಲ್ನೇ ಸಲ ಬರೋ ಮುಂಚೆ ಮೂರು ದಿನ ಅಂಗಡಿ ಮುಚ್ಚಿ, ಕಾಲಡಿ ನಾಲ್ಕು ದಿಂಬು ಪೇರಿಸಿ ಮಲಗಿದ್ದೆ. ಇಳಿಸ್ಕೊಂಡೇ ಬಂದೆ!"

"ನಾನು ಕಾಲನ್ನ ಗೋಡೆಗೆ ಎತ್ತಿಟ್ಟಿದ್ದೆ," ಎಂದಳು ಹಿಂದೆ ಕೂತಿದ್ದಾಕೆ.

"ನಾನು ಕೈನ ಕಿಟಕಿಗೇ ಕಟ್ಕೊಂಡಿದ್ದೆ!" ಎಂದೆ ನಾನು. ಒಬ್ಬೊಬ್ಬಳದೂ ಇದೇ ಕಥೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಬ್ಬಳಿಗಂತೂ ಬಿಕ್ಕಳಿಕೆ ಹತ್ತಿತು.

ಸೊನೊಬೆ ನಗಲಿಲ್ಲ. "ಹಾಗಾದ್ರೆ ನಿಜವಾದ ಅಳತೆ ಎಷ್ಟಿತ್ತಮ್ಮಾ?"

"ಯಾರಿಗೆ ಗೊತ್ತು? ಯಾರಿಗೂ ತೋರಿಸ್ಲೇ ಇಲ್ವಲ್ಲ. ನಮ್ಮ ಯಜಮಾನ್ರೂ ಸಾಯೋವರೆಗೆ ನೋಡ್ಲಿಲ್ಲ."

"ಇವತ್ತು?"

"ಇವತ್ತಾ? ಬೆಳಗ್ಗಿಂದ ತೋಫು ತೊಟ್ಟಿ ಮುಂದೆ ನಿಂತು, ಊದಿದ್ದು ಊದಿದ ಹಾಗೇ ಬಂದಿದೀನಿ. ಈ ಸಿಸ್ಟರ್ ಹುಡುಗಿ ಹತ್ರ ಏನಂತ ಮುಚ್ಚಿಡ್ಲಿ?"

ಸಿಸ್ಟರ್ ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಸೊನೊಬೆ ಮೊದಲ ದಿನದ ಅಳತೆಗಳನ್ನೆಲ್ಲ ಹೊಡೆದುಹಾಕಿದರು. ಈ ದಿನವೇ ಹೊಸದಾಗಿ ಅಳೆದು, ಒಂದು ವರ್ಷ ಬಿಟ್ಟು ನೋಡೋಣ ಎಂದರು. ಗುರುವಾರ ಉಳಿಯಿತು.

"ಹಂಗಾದ್ರೆ ಟೇಪು ನೀವೇ ಹಿಡೀರಿ ಸಾಹೇಬ್ರೆ," ಎಂದು ಅಜ್ಜಿ ಬಟ್ಟೆಯನ್ನು ಮೊಣಕಾಲ ಮೇಲಕ್ಕೆಳೆದು, ಆ ಪರಿಚಯವಿಲ್ಲದ ಗಂಡಸಿನ ಮುಂದೆ ಕಾಲು ಚಾಚಿದಳು.